ಸಾಬಣ್ಣ ಟೇಲರನ ಕರಿಹಲಗೆ

ಸಾಬಣ್ಣ ಟೇಲರ್ ನಾಟಕದ ತಾಲೀಮಿಗೆ ಹೋದರೆ ಕಣ್ಣು ಮುಚ್ಚಿ ಕೂಡುತ್ತಿದ್ದ. ಎದುರಿಗೆ ರಾಜ ಕತ್ತಿ ಹಿರಿಯಲಿ, ನಾಯಕಿ ಸೆರಗು ಹಿಡಿದು ಅಳಲಿ, ಅವನ ರೆಪ್ಪೆ ಅಲುಗುತ್ತಿರಲಿಲ್ಲ. ನಿದ್ದೆ ಹೊಡೆಯುತ್ತಿದ್ದಾನೆಂದು ಹೊಸಬರು ನಗುತ್ತಿದ್ದರು. ಯಾಕೆ ಹೀಗೆಂದು ನಾನೂ ಒಮ್ಮೆ ಕೇಳಿದೆ.

“ನೋಡಾದೇನದ ಮಲ್ಲ್ಯಾ? ಎಲ್ಲಾರ ಬಟ್ಟಿ ನಾನಾ ಹೊಲದೀನಿ. ನಾ ಕೇಳಾಕ ಬಂದೀನಿ” ಎಂದ.

ಶಹಾಪುರದ ಬಸ್‌ಸ್ಟ್ಯಾಂಡ್ ಎದುರು ಅವನ ಅಂಗಡಿ. ಸುತ್ತಲಿನ ಹಳ್ಳಿಗಳ ನಾಟಕದ ಉಡುಪೆಲ್ಲ ಅಲ್ಲಿಯೇ ಹೊಲಿಗೆಯಾಗುತ್ತಿತ್ತು. ಬಾಗಿಲ ಪಕ್ಕ ಒಂದು ಕರಿಹಲಗೆ. ಅದರ ಮೇಲ್ಗಡೆ ‘ಈ ತಿಂಗಳು ನೋಡಬೇಕಾದ ನಾಟಕಗಳು’ ಎಂದು ಬಿಳಿ ಬಣ್ಣದಲ್ಲಿ ಕಾಯಂ ಬರೆಸಿದ್ದ. ಬರೀ ಊರು, ವಾರ ಬರೆದು ಬಿಡುವ ಆಸಾಮಿ ಅಲ್ಲ. ಸೈಕಲ್ ಹತ್ತಿ ಊರೂರಿನ ತಾಲೀಮು ಕೇಳಿ ಬಂದು, ಒಂದೊಂದರ ಮುಂದೆ ತನ್ನ ಅಭಿಪ್ರಾಯ ಹಾಕುತ್ತಿದ್ದ. ‘ಕೊಂಕಲ್, ಶುಕ್ರವಾರ. ಖಳನಾಯಕ ಚಲೋ. ಲಗೂನ ಸಾಯಂಗಿಲ್ಲ, ತಾಳ್ಕೋರಿ.’ ‘ಸೈದಾಪುರ, ಸೋಮವಾರ. ಅತ್ತಿ ಪಾತ್ರಕ್ಕ ಹೋಗ್ರಿ. ನಾಯಕ ಹಾಡಾಕ ಹತ್ತಿದ್ರ ಚಾ ಕುಡದು ಬರ್ರಿ.’ ಬಸ್ಸಿಗೆ ಕಾಯುವವರು ಓದಿ ಓದಿ ನಗುತ್ತಿದ್ದರು. ಆದರೆ ಅವನು ಹೋಗ್ರಿ ಎಂದ ಊರಿಗೆ ಮಂದಿ ಟ್ರ್ಯಾಕ್ಟರ್ ತುಂಬಿ ಹೋಗುತ್ತಿದ್ದರು.

ನಾನು ಆಗ ಕಾಲುವೆಯ ಗೇಟು ತೆಗೆದು ಮುಚ್ಚುವ ಕೆಲಸದಲ್ಲಿದ್ದೆ. ಹತ್ತನೆಯ ತರಗತಿ ಪಾಸಾಗಿದ್ದೆ, ನೋಡಲು ಎತ್ತರವಿದ್ದೆ, ನಾಟಕದ ಹುಚ್ಚಿತ್ತು. ಸುರಪುರದ ಗೆಳೆಯರ ಒಂದು ನಾಟಕದಲ್ಲಿ ನಾಯಕನ ಪಾತ್ರ ಸಿಕ್ಕಿತು. ಹಲಗೆಯ ಮೇಲೆ ಬಂತು: ‘ಸುರಪುರ, ಮಂಗಳವಾರ. ನಾಯಕಂದು ಮಾತಿಗಿಂತ ಮೀಸಿ ಹೆಚ್ಚು.’

ಓಡಿಹೋಗಿ, “ಕಾಕಾ, ಅದನ್ನ ಅಳಸ್ರಿ” ಎಂದೆ.

“ಮಾತು ಬಾಯಿಪಾಠ ಮಾಡಿ ಬಾ, ಅಳಸ್ತೀನಿ.”

ನಾನು ಮಾಡಲಿಲ್ಲ, ಅವನು ಅಳಿಸಲಿಲ್ಲ. ಆಮೇಲೆ ಹೋಟೆಲಿನಲ್ಲಿ ಕಾಲಿಟ್ಟರೆ ಸಾಕು, “ಮೀಸಿ ಬಂತು, ಕುರ್ಚಿ ಬಿಡ್ರೋ” ಎನ್ನುತ್ತಿದ್ದರು. ಎಲ್ಲರ ಜೊತೆ ನಾನೂ ನಗುತ್ತಿದ್ದೆ. ಒಳಗೆ ಅದು ಮುಳ್ಳಾಗಿ ಉಳಿಯಿತು.

ಸಾಬಣ್ಣನ ಜೊತೆ ಅವನ ವಿಧವೆ ತಂಗಿ ಶರಣಮ್ಮ ಇದ್ದಳು. ಅಂಗಡಿಯ ಮೂಲೆಯಲ್ಲಿ ಕೂತು ಗುಂಡಿ ಹಚ್ಚುತ್ತಿದ್ದಳು. ಅಳತೆ ಕೊಡಲು ಬಂದ ಪಾತ್ರಧಾರಿಗಳು ಅಲ್ಲೇ ನಿಂತು ಮಾತು ಒಪ್ಪಿಸುತ್ತಿದ್ದರು. ಎಲ್ಲಾದರೂ ತಡವರಿಸಿದರೆ ಮೂಲೆಯಿಂದ ಮುಂದಿನ ಮಾತು ಬರುತ್ತಿತ್ತು. ಶರಣಮ್ಮ ತಲೆ ಎತ್ತುತ್ತಲೂ ಇರಲಿಲ್ಲ. ಅವಳಿಗೆ ಎಷ್ಟು ನಾಟಕ ಬರುತ್ತಿದ್ದವೋ ದೇವರೇ ಬಲ್ಲ.

ಅವಳಿಗಾಗಿಯೇ ಸಾಬಣ್ಣ ಒಂದು ನಾಟಕ ಬರೆದ. ಮಗನನ್ನು ಊರಿನಿಂದ ಹೊರಗೆ ಹಾಕಿದ ಹಿರಿಯರ ಎದುರು ತಾಯಿಯೊಬ್ಬಳು ನಿಂತು ಕೇಳುವ ನಾಟಕ. ಹೆಣ್ಣು ಪಾತ್ರಕ್ಕೆ ಪರಊರಿನ ಕಲಾವಿದೆಯರನ್ನು ಕರೆಸುವುದು ನಮ್ಮ ಕಡೆ ರೂಢಿ. ಊರ ಹೆಣ್ಣುಮಗಳು ಸ್ಟೇಜು ಹತ್ತುವುದು ಇರಲಿಲ್ಲ. ಸಾಬಣ್ಣ ತನ್ನ ಊರು ವನದುರ್ಗದ ಹಿರಿಯರ ಮನೆಗೆ ಎರಡು ವರ್ಷ ತಿರುಗಿದ ಮೇಲೆ ಅವರು ಒಪ್ಪಿದರು. “ಒಂದು ಸಲ. ಮತ್ತ ಕೇಳಬ್ಯಾಡ ಸಾಬಣ್ಣ” ಎಂದರು.

ಕಾಲುವೆ ಬಂದ ಮೇಲೆ ನಮ್ಮ ಕಡೆ ನಾಟಕದ ತಾರೀಖು ಕಾಲುವೆಯನ್ನು ಕೇಳಿಯೇ ಇಡುತ್ತಿದ್ದರು. ನೀರು ಬಿಟ್ಟ ದಿನ ಮನೆಯಲ್ಲಿ ಯಾರೂ ನಿಲ್ಲುವುದಿಲ್ಲ. ತನ್ನ ಪಾಳಿ ತಪ್ಪಿದರೆ ನಾಟಿ ತಪ್ಪಿತು. ಹಾಗಾಗಿ ಸಾಬಣ್ಣ ನನ್ನ ಬಳಿ ಬಂದ.

“ಬರೋ ಗುರುವಾರ ಇಡಬೇಕಂತೀನಿ. ನೀರು ಯಾವತ್ತು ಬಿಡ್ತಾರ?”

ಗುರುವಾರ ಬೆಳಿಗ್ಗೆ ಗೇಟು ತೆಗೆಯಬೇಕೆಂಬ ಹುಕುಂ ನನ್ನ ಕಿಸೆಯಲ್ಲಿತ್ತು.

“ಅಮಾಸಿ ತನಕ ಇಲ್ಲ ಕಾಕಾ. ಧೈರ್ಯಲೆ ಇಡ್ರಿ” ಎಂದೆ.

ಗುರುವಾರ ಬೆಳಿಗ್ಗೆ ನನ್ನ ಕೈಯಾರೆ ಗೇಟು ತೆಗೆದೆ. ಮಧ್ಯಾಹ್ನದ ಹೊತ್ತಿಗೆ ನೀರು ವನದುರ್ಗದ ಹೊಲ ಮುಟ್ಟಿತು. ಹಿರಿಯರ ಪಾತ್ರದವರು ಸಲಿಕೆ ಹಿಡಿದು ಓಡಿದರು. ಒಬ್ಬ ಹಚ್ಚಿದ ಬಣ್ಣದಲ್ಲಿಯೇ ಬದುವಿನ ಮೇಲೆ ನಿಂತಿದ್ದನಂತೆ. ಸಂಜೆ ಏನಾಗುತ್ತದೆಂದು ನೋಡುವ ಕುತೂಹಲಕ್ಕೆ ನಾನೇ ಹೋಗಿದ್ದೆ. ಅದನ್ನೂ ಇಲ್ಲಿ ಮುಚ್ಚಿಡುವುದಿಲ್ಲ. ಶಾಲೆಯ ಬಯಲಿನಲ್ಲಿ ಪರದೆ ಕಟ್ಟಿತ್ತು. ಮುಂದೆ ನಾಲ್ಕು ಮುದುಕಿಯರು, ಒಂದಿಷ್ಟು ಮಕ್ಕಳು. ಶರಣಮ್ಮ ಇಳಕಲ್ ಸೀರೆ ಉಟ್ಟು ಪೆಟ್ಟಿಗೆಯ ಮೇಲೆ ಕೂತಿದ್ದಳು. ಹೊತ್ತು ಮುಳುಗಿದ ಮೇಲೆ ಸೆರಗಿನಿಂದ ಮುಖದ ಬಣ್ಣ ಒರೆಸಿಕೊಂಡು ಎದ್ದಳು.

ಮರುದಿನ ಸಾಬಣ್ಣ ನನ್ನ ಬಳಿ ಬಂದು, “ತಾರೀಖು ಬದಲಾತೇನು?” ಎಂದ.

“ಮ್ಯಾಲಿಂದ ಒಮ್ಮೆಲೆ ಹುಕುಂ ಬಂತು ಕಾಕಾ.”

“ಇರ್ಲಿ. ನೀನರ ಏನು ಮಾಡ್ತಿ, ನೌಕರಿ” ಎಂದು ನನಗೇ ಸಮಾಧಾನ ಹೇಳಿ ಹೋದ. ಹಿರಿಯರು ಮತ್ತೆ ಒಪ್ಪಲಿಲ್ಲ. ಒಂದು ಸಲ ಅಂದಿದ್ದೆವು, ಆಯಿತು ಎಂದರು.

ಪಿಂಚಣಿಗೆ ಬಂದ ವರ್ಷ ನಾನು ವನದುರ್ಗಕ್ಕೆ ಹೋದೆ. ಸಾಬಣ್ಣ ಹಾಸಿಗೆ ಹಿಡಿದು ಅಂಗಳದ ಹೊರಸಿನ ಮೇಲೆ ಮಲಗಿದ್ದ. ಎಲ್ಲ ಹೇಳಿದೆ.

“ಬರೀ ಮೀಸಿ ಸಲುವಾಗಿ?”

“ಹೌದ್ರಿ ಕಾಕಾ.”

“ನನ್ನ ಮುಂದ ಯಾಕ ಹೇಳ್ತಿ? ಅಕಿ ಒಳಗ ಅದಾಳ. ಅಲ್ಲಿ ಹೇಳು.”

ಶರಣಮ್ಮ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಹೇಳುವಷ್ಟು ಹೊತ್ತೂ ಅವಳ ಕೈ ನಿಲ್ಲಲಿಲ್ಲ.

“ಗೇಟು ನೀನಾ ತೆಗದೇನು?”

“ಹೌದತ್ತಿ.”

“ಗೊತ್ತಿದ್ದು?”

“ಗೊತ್ತಿದ್ದು.”

ಮೊರ ಬದಿಗಿಟ್ಟು ಎದ್ದಳು. “ಅಲ್ಲಿ ಕೂಡು” ಎಂದಳು. ಶಾಪ ಹಾಕುತ್ತಾಳೆಂದು ತಲೆ ತಗ್ಗಿಸಿ ಕೂತೆ. ಅವಳು ಪಡಸಾಲೆಯ ನಡುವೆ ನಿಂತು ಆ ತಾಯಿಯ ಮಾತು ಶುರು ಮಾಡಿದಳು. ಹಿರಿಯರ ಮಾತು ಬಂದಲ್ಲಿ ನಿಂತಳು. ಅಂಗಳದ ಹೊರಸಿನಿಂದ, ಕೆಮ್ಮಿನ ನಡುವೆ, ಸಾಬಣ್ಣ ಆ ಮಾತು ಹೇಳಿದ. ಒಳಗೆ ನುಗ್ಗಿದ ಆಡನ್ನು ಕಾಲಿನಿಂದ ಅತ್ತ ತಳ್ಳಿ ಅವಳು ಮುಂದುವರಿಸಿದಳು. ಮಗನನ್ನು ಕೇಳುವ ಕಡೆ ಅವಳ ದನಿ ಏರಲಿಲ್ಲ, ಇಳಿಯಿತು. ಕೊನೆಯ ಮಾತಿನ ತನಕ ಎಲ್ಲಿಯೂ ತಪ್ಪಲಿಲ್ಲ.

“ಊರ ಮಂದಿ ಕೇಳಬೇಕಾದ್ದು ನೀ ಒಬ್ಬನಾ ಕೇಳಿದಿ. ಹೋಗಿನ್ನ” ಎಂದು ಮೊರ ಎಳೆದುಕೊಂಡಳು.

ಹೊರಗೆ ಬಂದಾಗ ಸಾಬಣ್ಣ ನನ್ನ ಮುಂಗೈ ಹಿಡಿದ. “ಮಂದಿ ಇದ್ದಿದ್ರ ಅಳತಿದ್ರೇನು ಮಲ್ಲ್ಯಾ?”

“ಅಳತಿದ್ರು ಕಾಕಾ.”

ಅವನು ಕೈ ಬಿಟ್ಟು ಗೋಡೆಯ ಕಡೆ ಹೊರಳಿ ಮಲಗಿದ. ದೀಪಾವಳಿಗೆ ಮೊದಲೇ ತೀರಿಕೊಂಡನೆಂದು ಆಮೇಲೆ ಕೇಳಿದೆ.