ನಾನು ಬೇಡವೆಂದ ಗುಂಡಿ

ಆಗ ನನಗೆ ಅರವತ್ತೊಂದು. ಅದಾಗಿ ಎಂಟು ವರ್ಷವಾಯಿತು. ಕನ್ನಡ ಅಕ್ಷರ ನನಗೆ ಗಂಡ ಕಲಿಸಿದ್ದು, ಬೆರಳಿಟ್ಟು ಓದುತ್ತೇನೆ. ತಮಿಳು ಅಕ್ಷರ ಬರುವುದಿಲ್ಲ. ಮಾತು ಬರುತ್ತದೆ, ಸಂತೆಗೆ ಬಸ್ಸಿಗೆ ಸಾಕಾಗುವಷ್ಟು. ಆಫೀಸಿನ ತಮಿಳು ಬೇರೆ. ಅದು ನನ್ನ ಕಿವಿಗೆ ಕನ್ನಡವಾಗಿ ಬಿತ್ತು, ಅಲ್ಲಿಂದ ಕೆಟ್ಟಿತು.

ನಮ್ಮೂರು ತಮಿಳುನಾಡಿನೊಳಗೆ, ಮಾರಂಡಹಳ್ಳಿಗೆ ಹತ್ತಿರ. ಓಣಿಯ ಮೇಲ್ತುದಿಯಲ್ಲಿ ನನ್ನ ಮನೆ, ಕೆಳತುದಿಯಲ್ಲಿ ನನ್ನ ವಾರಗಿತ್ತಿಯದು, ಗಂಡನ ಅಣ್ಣನ ಹೆಂಡತಿ. ಅವಳ ಅಂಗಳದಲ್ಲಿ ಕಲ್ಲು ಕಟ್ಟಿದ ಬಾವಿ. ಬೀದಿ ನಲ್ಲಿಯ ಬೋರ್ ನೀರಿನಲ್ಲಿ ಬೇಳೆ ಬೇಯದು, ಆ ಬಾವಿಯ ನೀರಿನಲ್ಲಿ ಎರಡು ಕುದಿಗೆ ಒಡೆಯುತ್ತಿತ್ತು. ನಾನು ಮದುವೆಯಾಗಿ ಬಂದಾಗಿನಿಂದ ಅವಳು ದಿನಾ ಬೆಳಿಗ್ಗೆ ಒಂದು ಕೊಡ ನೀರು ತಂದು ನನ್ನ ಜಗುಲಿಯ ಮೇಲಿಟ್ಟು ಹೋಗುತ್ತಿದ್ದಳು. ಪ್ರೀತಿ ಗೀತಿ ಅಂತಲ್ಲ. ಹಾಗೆ ನಡೆದುಕೊಂಡು ಬಂದಿತ್ತು.

ನನ್ನ ಬಚ್ಚಲ ನೀರು ಗೋಡೆಯ ತೂತಿನಿಂದ ಓಣಿಗೆ ಬೀಳುತ್ತಿತ್ತು. ಬೂದಿಯಲ್ಲಿ ಪಾತ್ರೆ ತಿಕ್ಕುವ ಕಾಲದಲ್ಲಿ ಅದು ಅರ್ಧ ದಾರಿಯಲ್ಲೇ ಇಂಗಿ ಹೋಗುತ್ತಿತ್ತು. ಮಗನ ಮದುವೆಯಾದ ಮೇಲೆ ವಾಷಿಂಗ್ ಮೆಷಿನ್ ಬಂತು. ಒಂದೊಂದು ಸಲ ತಿರುಗಿದಾಗಲೂ ನೊರೆ ಓಣಿಯುದ್ದಕ್ಕೂ ಹರಿಯಿತು, ಕೆಳಗಿನವರೆಗೂ.

ಅಂಥ ದಿನದಲ್ಲಿ ಪಂಚಾಯತಿಯಿಂದ ಒಬ್ಬ ಹುಡುಗಿ ಬಂದಳು. ಕೈಯಲ್ಲಿ ನೋಟ್ ಬುಕ್ಕು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು.

"ಪಾಟ್ಟಿ, ಉಂಗ ವೀಟುಕ್ಕುಂ ಒರು ಉರಿಂಜಿ ಕುಳಿ ಪೋಟ್ಟು ತರೋಂ," ಅಂದಳು. ಮನೆಗೊಂದು ಕುಳಿ ತೋಡಿಕೊಡುತ್ತೇವೆ ಅನ್ನುವುದು ತಿಳಿಯಿತು. ಯಾವ ಕುಳಿ? ಉರಿ ಕುಳಿ. ನಮಗೆ ಉರಿ ಅಂದರೆ ಬೆಂಕಿ. ಗಂಡನನ್ನು ಸುಟ್ಟು ಬಂದು ಆಗಿನ್ನೂ ಮೂರು ತಿಂಗಳು.

"ಮನೆ ಇಂದ್ಗಡೆ ಉರಿಯೋ ಕುಳಿ ತೋಡ್ತೀಯಾ? ಯಾರ್ನ ಸುಡಾಕೆ? ನನ್ನಾ?" ಎಂದು ಕೂಗಿದೆ.

ಹುಡುಗಿ ಬೆಚ್ಚಿದಳು. "ಇಲ್ಲ ಪಾಟ್ಟಿ, ತಣ್ಣಿ, ತಣ್ಣಿಕ್ಕು!" ಎಂದು ಬಚ್ಚಲ ಕಡೆ ಕೈ ತೋರಿದಳು. ನೀರಿಗೆ ಅಂತ. ನೀರು ಎಲ್ಲಾದರೂ ಉರಿಯುತ್ತದೆಯೇ? ಪೊರಕೆ ಎತ್ತಿದೆ. ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಹುಡುಗಿ ನೋಟ್ ಬುಕ್ಕಿನಲ್ಲಿ ಏನೋ ಗೀಚಿಕೊಂಡು ಹೋದಳು.

ಸಂಜೆ ವಾರಗಿತ್ತಿ ಬಂದಳು. ನಗು ತಡೆಯಲಾರದೆ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು.

"ಲೇ, ಅದು ಉರಿಯೋ ಕುಳಿ ಅಲ್ಲ ಕಣೆ, ಈರೋ ಕುಳಿ. ತಮಿಳ್ನಾಗೆ ಈರೋದುಕ್ಕೆ ಅಂಗಂತಾರೆ. ಗುಂಡಿ ತೋಡಿ ಕಲ್ಲು ತುಂಬಿದ್ರೆ ಬಚ್ಚಲ್ ನೀರ್ನೆಲ್ಲಾ ಅದೇ ಈರ್ಕಂತೈತೆ. ನಾಳೆ ಪಂಚಾಯ್ತಿಗೆ ಓಗಿ ಏಳು, ಬತ್ತಾರೆ."

"ಓಗಕ್ಕಾ, ನಂಗೊತ್ತು," ಅಂದೆ.

ನೀರು ಹೀರುವ ಗುಂಡಿ ಅಂತ ಗೊತ್ತಿರಲಿಲ್ಲ, ಆಗ ಗೊತ್ತಾಯಿತು. ಆದರೂ ಹೋಗಲಿಲ್ಲ. ತಪ್ಪು ಕೇಳಿಸಿಕೊಂಡದ್ದಕ್ಕೆ ನನಗೆ ಈಗಲೂ ನಾಚಿಕೆಯಿಲ್ಲ, ಕಿವಿ ಯಾರಿಗೂ ತಪ್ಪಬಹುದು. ತಿಳಿದ ಮೇಲೂ ಕೂತೆನಲ್ಲ, ಅದು ನನ್ನದೇ. ಓಣಿಯ ಮುಂದೆ ಪೊರಕೆ ಎತ್ತಿದವಳು ಆಫೀಸಿಗೆ ಹೋಗಿ ಅದೇ ಹುಡುಗಿಯ ಮುಂದೆ ನಿಲ್ಲಬೇಕಿತ್ತು. ಉಳಿದ ಮನೆಗಳಿಗೆಲ್ಲ ಗುಂಡಿ ತೋಡಿ, ಕಲ್ಲು ತುಂಬಿ, ಮೇಲೆ ಚಪ್ಪಡಿ ಹಾಕಿ ಹೋದರು. ಮಗ ಕೇಳಿದ್ದಕ್ಕೆ, ನಮ್ಮ ಹಿತ್ತಲಲ್ಲಿ ಜಾಗ ಸಾಲದಂತೆ ಎಂದು ಸುಳ್ಳು ಹೇಳಿದೆ.

ಎರಡು ಮಳೆಗಾಲ ಹೋಯಿತು. ಓಣಿಯಲ್ಲಿ ಹರಿಯುತ್ತಿದ್ದದ್ದು ನನ್ನೊಬ್ಬಳ ನೀರು. ಅದು ಇಳಿದು ಹೋಗಿ ಬಾವಿಯ ಕಟ್ಟೆಯ ಪಕ್ಕ ನಿಲ್ಲುತ್ತಿತ್ತು. ವಾರಗಿತ್ತಿ ಸನಿಕೆ ಹಿಡಿದು ಮಣ್ಣಿನ ಬದು ಹಾಕುವುದನ್ನು ಜಗುಲಿಯ ಮೇಲಿಂದ ನೋಡಿದೆ. ಮಳೆ ಅದನ್ನು ಕೊಚ್ಚಿತು. ಮತ್ತೆ ಹಾಕಿದಳು. ನನಗೆ ನಾಚಿಕೆಯಾಗಲಿ ಅಂತಲೇ ನಾಲ್ಕು ಜನ ನೋಡುವ ಹೊತ್ತಲ್ಲಿ ಮಾಡುತ್ತಾಳೆ ಅಂದುಕೊಂಡು ಒಳಗೆ ಹೋದೆ. ಬೆಳಗಿನ ಕೊಡ ಮಾತ್ರ ತಪ್ಪಲಿಲ್ಲ.

ಒಂದು ದಿನ ತಪ್ಪಿತು. ಮಾರನೆಯ ದಿನವೂ ಬರಲಿಲ್ಲ. ಮೂರನೆಯ ದಿನ ಬಾಯಲ್ಲಿ ಬೈಗುಳ ತುಂಬಿಕೊಂಡು ಕೆಳಗೆ ಹೋದೆ.

"ಏನಕ್ಕಾ, ಕೈ ನೋವಾ, ಮನ್ಸು ನೋವಾ?"

ಅವಳು ಒಂದು ಬಕೆಟ್ ಸೇದಿ ನನ್ನ ಮೂಗಿನ ಹತ್ತಿರ ಹಿಡಿದಳು. ನನ್ನ ಮನೆಯ ಸೋಪಿನ ವಾಸನೆ. ಅದರ ಕೆಳಗೆ ಇನ್ನೊಂದು ವಾಸನೆ, ಕೊಚ್ಚೆಯದು.

"ಒಂದ್ ತಿಂಗ್ಳಿಂದ ಇಂಗೇ ಐತೆ. ನಾವು ಕುಡಿಯೋದು ಬಿಟ್ಟಾಯ್ತು," ಅಂದಳು.

"ಮತ್ತೆ ನಂಗೆ ತಂದು ಮಡಗ್ತಿದ್ದೆ?"

"ನಿನ್ ನೀರೇ ಅಲ್ವಾ, ನೀನೇ ಕುಡಿ ಅಂತ ಮಡಗ್ದೆ. ಬೇಳೆ ಜೊತೆ ಕುದ್ದು ನಿನ್ ಮೂಗಿಗೆ ವಾಸ್ನೆ ತಿಳೀಲಿಲ್ಲ. ಆಮೇಲೆ ಪಾಪ ಅನ್ನಿಸ್ತು, ನಿಲ್ಲಿಸ್ದೆ."

ಅವಳು ಬಕೆಟ್ಟಿನ ನೀರನ್ನು ದಾಳಿಂಬೆ ಗಿಡಕ್ಕೆ ಸುರಿದು, ರಾಟೆಯಿಂದ ಹಗ್ಗ ಬಿಚ್ಚಿ ಸುತ್ತತೊಡಗಿದಳು. ಎರಡು ಸಲ ಬಾವಿಯ ನೀರೆಲ್ಲ ಎತ್ತಿ ಹೊರಗೆ ಹಾಕಿಸಿ ನೋಡಿದ್ದಳಂತೆ. ನನಗೆ ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಆ ಬಾವಿಗೆ ಇವತ್ತು ಕಬ್ಬಿಣದ ಜಾಲರಿ ಮುಚ್ಚಿದೆ. ನೀರು ತಿರುಗಿ ಸರಿಯಾಗಲಿಲ್ಲ. ಇಡೀ ಓಣಿ ಕ್ಯಾನ್ ನೀರಿನಲ್ಲಿ ಬೇಳೆ ಬೇಯಿಸುತ್ತದೆ. ವಾರಗಿತ್ತಿ ನನ್ನ ಜೊತೆ ಮಾತಾಡುತ್ತಾಳೆ, ನಗುತ್ತಾಳೆ. ಬಾವಿಯ ಮಾತು ಬಂದರೆ ಎದ್ದು ಹೋಗುತ್ತಾಳೆ.

ಅವಳು ಹಗ್ಗ ಬಿಚ್ಚಿದ ಮಾರನೆಯ ಬೆಳಿಗ್ಗೆ ಎದ್ದವಳೇ ಗಂಡನ ಹಳೇ ಪಂಚೆ ಹರಿದು ಬಚ್ಚಲ ತೂತಿಗೆ ತುರುಕಿದೆ. ಇವತ್ತು ಯಾರೂ ಮೀಯೋದು ಬ್ಯಾಡ, ಮೆಷಿನ್ನೂ ಬ್ಯಾಡ ಎಂದು ಸೊಸೆಗೆ ಹೇಳಿದೆ. ಆಮೇಲೆ ಪಂಚಾಯತಿ ಆಫೀಸಿಗೆ ನಡೆದು ಹೋಗಿ, ಅದೇ ಹುಡುಗಿಯ ಮೇಜಿನ ಮುಂದೆ ನಿಂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮಾತನ್ನು ಅಂದೆ: ಉರಿಂಜಿ ಕುಳಿ.