ಎಡ ಪೆಡಲಿನ ಬೋಲ್ಟು

ಆ ಬೋಲ್ಟಿನ ಮೂಲೆಗಳನ್ನು ಸವೆಸಿ ಹಾಳುಮಾಡಿದವನು ನಾನು, ಮುನಿಯಪ್ಪನಲ್ಲ. ಇಷ್ಟನ್ನು ಹೇಳಲು ಮೂವತ್ತು ಚಿಲ್ಲರೆ ವರ್ಷ ಬೇಕಾಯಿತು — ತುಕ್ಕು ಹಿಡಿದ ಎಂಥ ಬೋಲ್ಟೂ ಇಷ್ಟು ಸತಾಯಿಸಿದ್ದನ್ನು ನಾನು ಕಂಡಿಲ್ಲ.

ಎರಡನೇ ಮಹಾಯುದ್ಧದ ಕಾಲ. ಹೊಸೂರಿನಲ್ಲಿ ನಮ್ಮದೊಂದು ಸೈಕಲ್ ರಿಪೇರಿ ಅಂಗಡಿ. ಇಬ್ಬರೂ ಪಾಲುದಾರರು, ಬೋರ್ಡಿನ ಮೇಲೆ ನನ್ನ ಹೆಸರು, ಕೆಲಸದಲ್ಲಿ ಮುನಿಯಪ್ಪನ ಕೈ. ನಾನು ಎರಡು ವರ್ಷ ದೊಡ್ಡವನೆಂದು ಅವನು ‘ಅಣ್ಣಾ’ ಎನ್ನುತ್ತಿದ್ದ. ಅದನ್ನು ನಾನು ಒಂದು ಪದವಿ ಎಂದೇ ತಿಳಿದಿದ್ದೆ. ಬಿಡಿಭಾಗ ಸಿಗದ ದಿನಗಳು. ಹಳೆಯದನ್ನೇ ಬಿಚ್ಚಬೇಕು, ಹಳೆಯದನ್ನೇ ಹಾಕಬೇಕು. ಹಾಗೆ ಬಿಚ್ಚಿ ಬಿಚ್ಚಿ ಮೂಲೆ ಸವೆದು ಗುಂಡಗಾದ ಬೋಲ್ಟುಗಳೆಲ್ಲ ಸುತ್ತಲ ಹಳ್ಳಿಗಳಿಂದ ಮುನಿಯಪ್ಪನನ್ನು ಹುಡುಕಿಕೊಂಡು ಬರುತ್ತಿದ್ದವು. ಅವನು ಸೀಮೆಎಣ್ಣೆ ಹನಿಸಿ ಕಾಯುತ್ತಿದ್ದ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಅರದಿಂದ ಎರಡು ಬದಿ ಚಪ್ಪಟೆ ಮಾಡಿ, ಜ್ವರದ ಮಗುವನ್ನು ಎಬ್ಬಿಸುವಂತೆ ಸ್ಪ್ಯಾನರ್ ತಿರುಗಿಸುತ್ತಿದ್ದ.

“ಬಲ ಬ್ಯಾಡಣ್ಣಾ. ಒಸಿ ಹೊತ್ತು ಬುಟ್ಬುಡು, ಅದೇ ಬತ್ತದೆ.”

ಅದೇ ಬರುತ್ತಿತ್ತು! ಗಿರಾಕಿಗಳು ನನ್ನ ಎದುರೇ, “ಮುನಿಯಪ್ಪ ಇಲ್ವಾ? ಸರಿ, ನಾಳೆ ಬತ್ತೀನಿ” ಎನ್ನುತ್ತಿದ್ದರು. ಬೋರ್ಡಿನ ಮೇಲಿನ ಹೆಸರಿಗೆ ಇದಕ್ಕಿಂತ ದೊಡ್ಡ ಸನ್ಮಾನ ಇನ್ನೇನಿದೆ.

ಒಂದು ಬೆಳಗ್ಗೆ ಅವನು ಪಕ್ಕದೂರು ಬೇರಿಕೆಗೆ ಹೋಗಿದ್ದಾಗ, ಹಳ್ಳಿಗಳಿಗೆ ಕಾಗದ ಹಂಚುವ ಟಪಾಲಿನವರು ಸೈಕಲ್ ಬಿಟ್ಟುಹೋದರು. ಎಡ ಪೆಡಲು ಬದಲಿಸಬೇಕಿತ್ತು. ಅವನು ಬರುವುದರೊಳಗೆ ನಾನೇ ಮುಗಿಸಬೇಕೆಂಬ ಹಟ ನನಗೆ. ಎಡ ಪೆಡಲಿನ ಬೋಲ್ಟು ಬಿಚ್ಚುವ ದಿಕ್ಕು ಉಳಿದೆಲ್ಲ ಬೋಲ್ಟುಗಳಿಗೆ ಉಲ್ಟಾ. ಸೈಕಲ್ ವಿದ್ಯೆಯ ಮೊದಲ ಪಾಠ ಅದು. ಎಷ್ಟು ಜನಕ್ಕೆ ನಾನೇ ಗಾಂಭೀರ್ಯದಿಂದ ಬೋಧಿಸಿದ್ದೆನೋ! ಆವತ್ತು ಮಹಾಪಂಡಿತನೇ ಮರೆತ. ಬಿಚ್ಚುತ್ತಿದ್ದೇನೆಂದುಕೊಂಡು ಬಿಗಿಮಾಡಿದೆ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಎಳೆದೆ — ಮೂಲೆಗಳು ನುಣ್ಣಗಾದವು. ಉಳಿ ಇಟ್ಟು ಹೊಡೆದೆ — ಅದೇ ತಪ್ಪು ದಿಕ್ಕಿಗೆ. ಕೊನೆಗೆ ಬೋಲ್ಟು ಬರಲಿಲ್ಲ, ಅದನ್ನು ಹಿಡಿದಿದ್ದ ಕಬ್ಬಿಣದ ತೋಳು, ಆ ಕ್ರ್ಯಾಂಕೇ ಸೀಳಿತು. ಆಗ ನೆನಪಾಯಿತು.

ಮಧ್ಯಾಹ್ನ ಟಪಾಲಿನವರು ಬಂದರು. “ಯಾರಯ್ಯಾ ಮಾಡಿದ್ದು ಇದು?”

“ಮುನಿಯಪ್ಪ,” ಎಂದೆ.

ಒಂದೇ ಒಂದು ಹೆಸರು. ಅಷ್ಟು ಸಲೀಸಾಗಿ ನನ್ನ ಕೈಯಲ್ಲಿ ಯಾವ ನಟ್ಟೂ ಕಳಚಿ ಬಂದಿರಲಿಲ್ಲ.

ಅಷ್ಟರಲ್ಲಿ ಅವನೂ ಬಂದ. ಟಪಾಲಿನವರು ಅವನತ್ತ ತಿರುಗಿದರು: “ಬಾರಪ್ಪಾ ಬಾ! ಕೈಯಾ ಅದು, ಕೊಡ್ಲಿಯಾ? ನಾಳೆಯಿಂದ ಕಾಡುದಾರೀಲಿ ಸಾನಮಾವಿಗೆ ನಿನ್ ಹೆಗಲ್ಮ್ಯಾಲೆ ಕೂತ್ಕೊಂಡು ಹೋಗ್ಲೇನ್ಲಾ? ಆನೆ ಬಂದ್ರೆ ಹೊತ್ಕೊಂಡೇ ಓಡ್ತೀಯೋ, ನನ್ನ ಇಳಿಸ್ಬುಟ್ಟು ಓಡ್ತೀಯೋ?”

ಮುನಿಯಪ್ಪ ಆ ಬೋಲ್ಟನ್ನು ಬೆಳಕಿಗೆ ತಿರುಗಿಸಿ ನೋಡಿದ. ಸವೆದ ಮೂಲೆಯಲ್ಲಿ ಕಬ್ಬಿಣ ಯಾವ ಕಡೆಗೆ ಮಗುಚಿಕೊಂಡಿದೆಯೋ, ಆ ಕಡೆಗೇ ತಿರುಗಿಸಿದ್ದೆಂದು ಅರ್ಥ. ಬಲ್ಲವನಿಗೆ ಅದು ಸಹಿ ಹಾಕಿದ ಪತ್ರ. ಓದಿದ. ನನ್ನ ಮುಖ ನೋಡಿದ. ನಾನು ಏನನ್ನೋ ಹುಡುಕುವವನಂತೆ ಬಗ್ಗಿದೆ.

“ಹೂಂ ಸಾಮಿ. ನನ್ ಕೈಯೇ ತಪ್ತು.”

ಯಾಕೆ ಹಾಗಂದನೋ — ಎಡಬಲ ತಿಳಿಯದವನ ಅಂಗಡಿಯೆಂದು ಊರು ನಗುತ್ತದೆಂದೋ, ನಾನು ಅಣ್ಣನೆಂದೋ — ಕೇಳಲು ನನಗೆ ಬಾಯಿ ಬರಲಿಲ್ಲ. ಸೀಳಿದ ಕ್ರ್ಯಾಂಕಿನಿಂದ ಪೆಡಲನ್ನು ಅವನೇ ಬಿಡಿಸಿ ತನ್ನ ಬಳಿ ಇಟ್ಟುಕೊಂಡ. ಆ ಬೋಲ್ಟಿಗೆ ಮಾತ್ರ ಅರ ಮುಟ್ಟಿಸಲಿಲ್ಲ.

ಹೊಸ ಕ್ರ್ಯಾಂಕು ಬೆಂಗಳೂರಿನಲ್ಲೂ ಸಿಗಲಿಲ್ಲ. ಟಪಾಲಿನವರು ತಿಂಗಳುಗಟ್ಟಲೆ ನಡೆದರು. ನಡೆದ ಹಳ್ಳಿಯಲ್ಲೆಲ್ಲ ಕಾಗದದ ಜೊತೆ ಮುನಿಯಪ್ಪನ ಸಮಾಚಾರವನ್ನೂ ಬಟವಾಡೆ ಮಾಡಿದರು. ಅದಕ್ಕೆ ಸ್ಟಾಂಪೂ ಬೇಕಿರಲಿಲ್ಲ. “ನೀವೇ ಮಾಡಿ ಸಾಮಿ, ಅವನ ಕೈಗೆ ಕೊಡ್ಬ್ಯಾಡಿ,” ಎಂದರು ಗಿರಾಕಿಗಳು. ನಾನು ಬಯಸಿದ್ದ ಮಾತು. ಕೇಳಿಸಿಕೊಂಡೆ. ಅವನೂ ಕೇಳಿಸಿಕೊಂಡ. ಒಂದು ದಿನ ತನ್ನ ಅರವನ್ನು ಒರೆಸಿ ನನ್ನ ಪೆಟ್ಟಿಗೆಯಲ್ಲಿಟ್ಟು, “ಬತ್ತೀನಣ್ಣಾ” ಎಂದ. ಬರಲಿಲ್ಲ. ಜವಳಗಿರಿ ಕಡೆ ಇದ್ದಿಲು ಸುಡುವ ಕೆಲಸಕ್ಕೆ ಸೇರಿದನಂತೆ. ಹೊಗೆ ಕುಡಿದು ಕುಡಿದು ಎದೆ ಕಟ್ಟಿತಂತೆ. ನೋಡಿಬರಬೇಕು, ನೋಡಿಬರಬೇಕು ಎನ್ನುತ್ತಲೇ —

ಹೋದ ವರ್ಷ ಅವನ ಹೆಂಡತಿ ಬಂದರು, ಕೈಯಲ್ಲೊಂದು ಬಟ್ಟೆಗಂಟು. “ಸಾಯೋಕ್ ಮುಂಚೆ ಅಂದಿದ್ರು, ಇದನ್ನ ಅಣ್ಣಂಗೇ ಕೊಟ್ಬುಡು ಅಂತ. ಏನೋ ನಂಗೊತ್ತಿಲ್ಲ. ಯಾವಾಗ್ಲೂ ಎಣ್ಣೆ ಹಚ್ಚಿ ಇಕ್ಕೋರು.”

ಅದೇ ಪೆಡಲು. ಚುಕ್ಕೆಯಷ್ಟೂ ತುಕ್ಕಿಲ್ಲ. ಬೋಲ್ಟಿನ ಮೂಲೆಯ ಕಬ್ಬಿಣ ಇನ್ನೂ ತಪ್ಪು ದಿಕ್ಕಿಗೇ ಮಗುಚಿಕೊಂಡಿತ್ತು. ಆಕೆ ನನ್ನ ಬಾಯನ್ನೇ ನೋಡುತ್ತಿದ್ದರು.

“ಏನೋ ಹಳೇ ಸಾಮಾನು ತಾಯಿ,” ಎಂದೆ.

ಕಳೆದ ವಾರ ಆ ಪೆಡಲು ಹಿಡಿದು, ಟಪಾಲಿನವರು ಆ ಸುದ್ದಿ ಹಂಚಿದ್ದ ಸಾನಮಾವಿಗೆ ಹೋದೆ. ಟಪಾಲಿನವರು ಎಂದೋ ತೀರಿಕೊಂಡಿದ್ದರು. ನಿಜದ ಬಟವಾಡೆ ನನ್ನ ಪಾಲಿಗೇ ಬಂದಿತ್ತು. ಕಟ್ಟೆಯ ಮೇಲಿದ್ದವರಿಗೆ ಎಲ್ಲವನ್ನೂ ಹೇಳಿದೆ. ತಾಳ್ಮೆಯಿಂದ ಕೇಳಿದರು. ಒಬ್ಬ ಮುದುಕ ಕಿವಿಗೆ ಕೈಯಿಟ್ಟು ಕೇಳಿದ: “ಯಾವ ಮುನಿಯಪ್ಪ?”

ಯಾರಿಗೂ ಗೊತ್ತಿರಲಿಲ್ಲ. ಕೆಡಿಸಿದ ಹೆಸರನ್ನು ತೊಳೆದು ಕೊಡೋಣವೆಂದು ಹೋದರೆ, ಹೆಸರೇ ಉಳಿದಿರಲಿಲ್ಲ.

ಪೆಡಲಿಗೆ ಈಗ ನಾನು ಎಣ್ಣೆ ಹಚ್ಚುತ್ತೇನೆ. ಆ ಹೆಸರು ಇನ್ನೂ ಉಳಿದಿರುವುದು ಜವಳಗಿರಿಯ ಒಂದೇ ಮನೆಯಲ್ಲಿ. ಅಲ್ಲಿಗೆ ನಾನಿನ್ನೂ ಹೋಗಿಲ್ಲ.