ಬಸಗೊಂಡಪ್ಪನ ಪಡಸಾಲೆಗೆ ಎಷ್ಟು ಸಲ ಸುಣ್ಣ

ಟಿಕೋಟಾದಲ್ಲಿ ಸುಣ್ಣ ಬೇಕೆಂದರೆ ಪರಸವ್ವನ ಗುಡಿಸಲಿಗೇ ಹೋಗಬೇಕು. ಕಳ್ಳಕವಟಗಿ ಕಡೆಯ ಹಳ್ಳದಿಂದ ಕಲ್ಲು ಆರಿಸಿ ತಂದು, ಸುಟ್ಟು, ಹೊಂಡದಲ್ಲಿ ನೀರು ಬಿಟ್ಟು ಅರಳಿಸಿ, ಬೆಣ್ಣೆಯಂತಾಗುವವರೆಗೆ ಕಾಯುತ್ತಿದ್ದಳು. ಬಳಿಯುವುದೂ ಅವಳೇ. ಆದರೆ ಹೊರಗೋಡೆ ಮಾತ್ರ. ಅವಳ ಕೇರಿಯವರನ್ನು ಮನೆಯೊಳಗೆ ಕರೆಯುವ ರೂಢಿ ಊರಲ್ಲಿರಲಿಲ್ಲ. ಹದಿನೆಂಟು ವರ್ಷ ಊರಿಗೆಲ್ಲ ಸುಣ್ಣ ಕೊಟ್ಟವಳು ಒಂದು ಹೊಸ್ತಿಲೂ ದಾಟಿರಲಿಲ್ಲ. ಅವಳು ಅರಳಿಸಿದ ಸುಣ್ಣ ಮಾತ್ರ ಗಡಿಗೆಯಲ್ಲಿ ಕುಳಿತು ಅಡುಗೆಮನೆಗೂ ದೇವರ ಕೋಣೆಗೂ ಹೋಗುತ್ತಿತ್ತು.

ಕೇರಿಯವರು ಬುದ್ಧನ ಪಟ ತಂದು ದೀಪ ಹಚ್ಚತೊಡಗಿ ನಾಲ್ಕೈದು ವರ್ಷವಾಗಿತ್ತು. ಅಂದಿನಿಂದ ಪರಸವ್ವ ಯಾರ ಹಿತ್ತಲ ಬಾಗಿಲಲ್ಲೂ ರೊಟ್ಟಿಗೆ ಸೆರಗೊಡ್ಡಿರಲಿಲ್ಲ. ಪಟದ ಹಿಂದಿನ ಗೋಡೆಗೆ ಬಳಿದೂ ಬಳಿದೂ, ದೀಪದ ಹೊಗೆ ಕುಡಿದ ಗೋಡೆ ಏನು ಕೇಳುತ್ತದೆ ಎಂಬುದನ್ನು ಅಲ್ಲೇ ಕಲಿತಿದ್ದಳು.

ಸಾವಿರದ ಒಂಬೈನೂರ ಅರವತ್ತೆರಡರ ದೀಪಾವಳಿ ಹತ್ತಿರ ಬಂದಿತ್ತು. ಬಸಗೊಂಡಪ್ಪ ಗೌಡರ ಮನೆಯಲ್ಲಿ ಒಳಗೋಡೆಯ ಸುಣ್ಣ ಹಪ್ಪಳದಂತೆ ಏಳುತ್ತಿತ್ತು. ಉಣ್ಣುವ ತಾಟಿಗೆ ಬೀಳುತ್ತಿತ್ತು, ದೇವರ ತಲೆಯ ಮೇಲೂ ಬೀಳುತ್ತಿತ್ತು. ವಿಜಾಪುರದ ಗಾಂಧಿ ಚೌಕದಿಂದ ಕರೆತಂದ ಆಳು ಐದು ಸಲ ಬಳಿದು ಹೋಗಿದ್ದ. ತಿಂಗಳೊಳಗೆ ಅದೂ ಎದ್ದಿತು.

ಗೌಡರು ಪರಸವ್ವನನ್ನು ಅಂಗಳಕ್ಕೆ ಕರೆಸಿದರು. ತಾವು ಕಟ್ಟೆಯ ಮೇಲೆ ಕುಳಿತು ಕೇಳಿದರು. "ಏ ಪರಸಿ, ಒಳಗಿನ ಗ್ವಾಡಿಗೆ ಎಷ್ಟು ಸಲ ಹಚ್ಚಬೇಕು? ಐದು ಸಾಲವಲ್ವು. ಏಳು ಹಚ್ಚಸ್ಲೇನು?"

"ಗ್ವಾಡಿ ನೋಡ್ಬೇಕ್ರಿ ಗೌಡ್ರ."

"ನೋಡೂದೇನೈತಿ? ಇಲ್ಲಿಂದ ಹೇಳ." ಅವರು ಒಳಗಿನಿಂದ ಎದ್ದ ಸುಣ್ಣದ ಒಂದು ಹಕ್ಕಳೆಯನ್ನು ಮೊರದಲ್ಲಿ ತರಿಸಿ ಮೆಟ್ಟಿಲ ಕೆಳಗಿಡಿಸಿದರು.

ಪರಸವ್ವ ಅದನ್ನು ಮುರಿದು ಅಂಚು ತೋರಿಸಿದಳು. ಉಳ್ಳಾಗಡ್ಡಿಯ ಹಾಗೆ ಪದರು ಪದರು. "ಹಚ್ಚಿದ್ದು ಎಷ್ಟಂತ ಇದು ಹೇಳತೈತ್ರಿ. ಹಚ್ಚಬೇಕಾದ್ದು ಎಷ್ಟಂತ ಗ್ವಾಡೀನ ಹೇಳಬೇಕು. ಅಂಗೈಲೆ ಮುಟ್ಟಬೇಕು, ನೀರ ಹೊಡದು ನೋಡಬೇಕು. ಅಂಗಳದಾಗ ನಿಂತು ನಾ ಹೇಳಾಂಗಿಲ್ರಿ."

"ಹೇಳಾಂಗಿಲ್ಲೋ, ಹೇಳಾಕ ಬರಾಂಗಿಲ್ಲೋ?"

"ಹೇಳಾಂಗಿಲ್ರಿ."

ಗೌಡರ ಮುಖ ಕೆಂಪಾಯಿತು. "ಈ ಹಬ್ಬಕ್ಕ ನಿನ್ನ ಸುಣ್ಣ ಯಾರು ಒಯ್ತಾರ ನೋಡ್ತೇನಿ" ಅಂದರು. ಪರಸವ್ವ ಕೈಗೆ ಹತ್ತಿದ ಪುಡಿ ಝಾಡಿಸಿ ಹೊರಟುಬಂದಳು.

ಆಡಿದ ಮಾತು ಆಡಿದಂತೆಯೇ ಆಯಿತು. ವಾರ ಕಳೆದರೂ ಗಡಿಗೆ ಹಿಡಿದು ಒಬ್ಬರೂ ಬರಲಿಲ್ಲ. ವರ್ಷದ ಜೋಳಕ್ಕೆ ದಾರಿಯಾಗುವುದು ಈ ಒಂದು ಹಬ್ಬದ ಸುಣ್ಣದಿಂದಲೇ. ಅತ್ತೆ ರುಕ್ಮವ್ವ ಹೊಂಡದ ಪಕ್ಕ ಕುಳಿತು ಗೊಣಗಿದಳು.

"ಎರಡಂತ ಅಂದಿದ್ರ ನಿನ್ನ ನಾಲಿಗಿ ಸವೀತಿತ್ತೇನ ಬೇ? ಬಾಯಿಗೆ ಬಂದ ಒಂದು ಅಂಕಿ ಒಗದು ಬರೂದು ಬಿಟ್ಟು!"

"ಸುಳ್ಳ ಅಂಕಿ ಒಗದ್ರ ನಾಳೆ ಗ್ವಾಡಿ ಮತ್ತ ಏಳತೈತಿ ಅತ್ತಿ. ಆಗ ಪರಸಿ ಸುಣ್ಣಾನ ಕೆಟ್ಟದ್ದು ಅಂತಾರ."

"ಸುಣ್ಣದ ಚಿಂತಿ ಅಲ್ಲ ನಿಂದು. ಗೌಡರ ಮನಿ ಒಳಗ ಹೋಗೂ ಹಟ."

ಪರಸವ್ವ ಹೊಂಡಕ್ಕೆ ಇನ್ನೊಂದು ಕೊಡ ನೀರು ಹೊಯ್ದಳು. ಒಣಗಿದರೆ ಸುಣ್ಣ ಸತ್ತಂತೆ. "ಹೌದು, ಹಟಾನೂ ಐತಿ" ಅಂದಳು. "ನನ್ನ ಸುಣ್ಣ ಒಳಗ ಹೋಗತೈತಿ, ನಾ ಯಾಕ ಹೊರಗ?"

ರುಕ್ಮವ್ವ ಎದ್ದು ಹೋಗಿ ತಾನೂ ಒಂದು ಕೊಡ ತಂದು ಹೊಯ್ದಳು.

ಅತ್ತ ಗೌಡರ ಹೆಂಡತಿ ಕಾಶಿಬಾಯಿ ತಾನೇ ಕುಂಚ ಹಿಡಿದು ದೇವರ ಕೋಣೆಗೆ ಆರನೆಯ ಸಲ ಬಳಿದಿದ್ದಳು. ಮರುದಿನ ಪೂಜೆಗೆ ಕುಳಿತಾಗ ಅಂಗೈಯಗಲದ ಪದರು ಕಳಚಿ ನಂದಾದೀಪದ ಮೇಲೆ ಬಿದ್ದು ದೀಪ ಆರಿತು. ಆಕೆ ಎದ್ದು, ಯಾರನ್ನೂ ಕೇಳದೆ ನೆಟ್ಟಗೆ ಕೇರಿಗೆ ನಡೆದಳು.

"ಪರಸವ್ವಾ, ಬಾ. ನೋಡಿ ಹೇಳು."

"ಯಾವ ಬಾಗಲದಾಗಿಂದ ಬರ್ಲ್ರಿ ಅವ್ವಾರ?"

"ಮುಂಬಾಗಲದಾಗಿಂದ."

"ದೇವರ ಕ್ವಾಣೀನೂ ನೋಡ್ಬೇಕಾಗತೈತ್ರಿ."

"ಅದಕ್ಕ ಕರಿಯಾಕ ಬಂದೇನಿ."

ಪರಸವ್ವ ತಂಬಿಗೆ ನೀರು, ಕಳೆ ತೆಗೆಯುವ ಕುರ್ಚಿಗಿ ಹಿಡಿದು ಗೌಡರ ಮುಂಬಾಗಿಲ ಮೆಟ್ಟಿಲು ಹತ್ತಿದಳು. ಕಟ್ಟೆಯ ಮೇಲಿದ್ದ ಗೌಡರು ಎದ್ದು ನಿಂತರು. ಕಾಶಿಬಾಯಿ ಗಂಡನತ್ತ ನೋಡಿದ ನೋಟಕ್ಕೆ ಅವರು ಪಕ್ಕಕ್ಕೆ ಸರಿದರು.

ಪಡಸಾಲೆಯ ಗೋಡೆಗೆ ಪರಸವ್ವ ಅಂಗೈ ಆನಿಸಿದಳು. ಹಳೆಯ ಪದರನ್ನು ಕೆರೆದು, ಬರಿ ಗೋಡೆಗೆ ಬೊಗಸೆ ನೀರು ಎರಚಿದಳು. ಬಾಯಾರಿದ ಎತ್ತಿನಂತೆ ಗೋಡೆ ಅದನ್ನು ಕುಡಿದುಬಿಟ್ಟಿತು. "ಇದಕ್ಕ ಎರಡು ಸಲ." ಅಡುಗೆಮನೆ ಕಡೆಯ ಗೋಡೆ ನಿಧಾನ ಕುಡಿಯಿತು. "ಇದನ್ನ ಬೂದಿ ನೀರಿಲೆ ತೊಳದು ಮೂರು."

ದೇವರ ಕೋಣೆಯ ಹೊಸ್ತಿಲಲ್ಲಿ ಅವಳ ಕಾಲು ತಾನೇ ನಿಂತಿತು. ಹದಿನೆಂಟು ವರ್ಷದ ರೂಢಿ ಕಾಲಿನಲ್ಲೂ ಕುಳಿತಿತ್ತು. ಪರಸವ್ವ ಆ ಕಾಲನ್ನೇ ಮೊದಲು ಎತ್ತಿ ಒಳಗಿಟ್ಟಳು. ಜಗಲಿಯ ಮೇಲಿನ ದೇವರು ಬೇಡ ಅನ್ನಲಿಲ್ಲ. ದೀಪದ ಹಿಂದಿನ ಗೋಡೆಗೆ ನೀರು ಎರಚಿದರೆ ಕೆಸುವಿನ ಎಲೆಯ ಮೇಲಿನಂತೆ ಗುಂಡಾಗಿ ಜಾರಿತು. ಎಷ್ಟೋ ವರ್ಷದ ಎಣ್ಣೆಹೊಗೆ ಅಲ್ಲಿ ಕುಳಿತಿತ್ತು.

"ಇದಕ್ಕ ಹತ್ತು ಸಲ ಹಚ್ಚಿದ್ರೂ ನಿಂದ್ರೂದಿಲ್ರಿ. ಹೊಗಿ ಕುಂತಷ್ಟು ಗಿಲಾವು ಕೆತ್ತಿ ತಗದು, ಹೊಸಾದು ಮಾಡಿ, ಆಮ್ಯಾಲ ತೆಳ್ಳಗ ಮೂರು. ಒಂದು ಪೂರ್ತಿ ಆರಿದ ಮ್ಯಾಲ ಇನ್ನೊಂದು."

ಗೌಡರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಒಂದ ಮನೀಗೆ ಇಷ್ಟು ನಮೂನಿ ಲೆಕ್ಕೇನು?"

"ಮೂರು ಮಕ್ಕಳಿಗೆ ಒಂದ ಅಳತಿ ಅಂಗಿ ಹೊಲಸ್ತೀರೇನ್ರಿ ಗೌಡ್ರ?"

ಕಾಶಿಬಾಯಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಗೌಡರಿಗೂ ನಗು ಬಂದಿರಬೇಕು, ಅತ್ತ ಮುಖ ತಿರುಗಿಸಿದರು. "ಹಚ್ಚಾವರು ಯಾರು?" ಅಂದರು.

"ಅಳತಿ ತಗೊಂಡಾಕಿ ನಾನು. ಹೊಲಿಯಾಕಿನೂ ನಾನ."

ಒಂಬತ್ತು ದಿನ ಅವಳು ಮುಂಬಾಗಿಲಿನಿಂದಲೇ ಹೋಗಿ ಬಂದಳು. ಓಣಿಯವರು ಮಾತಾಡಿದರು. ಇಬ್ಬರು ಮುದುಕರು ಗೌಡರ ಮನೆಯ ನೀರು ಬಿಟ್ಟರು. ಕಾಶಿಬಾಯಿ ಮಾತ್ರ ದಿನಾ ನಡುಹಗಲಿಗೆ ಪರಸವ್ವನ ಮುಂದೆ ಚಹಾದ ಬಟ್ಟಲು ಇಡುತ್ತಿದ್ದಳು, ಮನೆಯವರು ಕುಡಿಯುವ ಬಟ್ಟಲನ್ನೇ. ಹಬ್ಬ ಬಂತು, ಕಾರ್ತಿಕ ಮುಗಿಯಿತು. ಗೋಡೆಯಿಂದ ಒಂದು ಪುಡಿಯೂ ಉದುರಲಿಲ್ಲ. ಊರವರ ಗಡಿಗೆಗಳು ಮತ್ತೆ ಪರಸವ್ವನ ಹೊಂಡದತ್ತ ಬರತೊಡಗಿದವು.

ಯುಗಾದಿಗೆ ಮುಂಚೆ ಗೌಡರ ಓಣಿಯ ಅಕ್ಕನಾಗಮ್ಮನ ಮನೆಯ ಹೊರಗೋಡೆ ಬಳಿಯುತ್ತಿದ್ದಾಗ ಆಕೆ ಕಿಟಕಿಯಿಂದಲೇ ಕೂಗಿದಳು. "ಪರಸವ್ವಾ, ನಮ್ಮ ಪಡಸಾಲಿ ಹದಿನಾರು ಮೊಳ ಐತಿ ನೋಡು. ಎಷ್ಟು ಸಲ ಹಚ್ಚಬೇಕಾಗತೈತಿ?"

ಪರಸವ್ವ ಕುಂಚವನ್ನು ಗಡಿಗೆಯೊಳಗಿಟ್ಟು ಕೈ ತೊಳೆದುಕೊಂಡಳು. ಮೆಟ್ಟಿಲು ಹತ್ತಿ ಮುಂಬಾಗಿಲಿಗೆ ಬಂದು ನಿಂತಳು.

"ಅಗಳಿ ತಗೀರಿ ಅವ್ವಾರ. ಒಳಗ ಬಂದು ಹೇಳ್ತೇನಿ."